ಓಬಳಪ್ಪ ಕುಡಿದಿರಲಿಲ್ಲ

ಚಾಮರಾಜಪೇಟೆ, ಬೆಂಗಳೂರು
ನವೆಂಬರ್ 2008, ಭಾನುವಾರ ಬೆಳಿಗ್ಗೆ

ಲಕ್ಕಮ್ಮನವರಿಗೆ ಶ್ರೀಹರಿಯ ನಮಸ್ಕಾರಗಳು.

ಕ್ಷೇಮವೇ ಎಂದು ಕೇಳಿ ಶುರು ಮಾಡುವ ಮುಖ ನನಗಿಲ್ಲ. ನಿನ್ನೆ ಸಂಜೆಯವರೆಗೂ ನೀವು ನನ್ನೆದುರಿನ ಸ್ಟೂಲಿನ ಮೇಲೆ ಕೂತು ಸರ್ಕ್ಯೂಟ್ ಬೋರ್ಡು ತಿದ್ದುತ್ತಿದ್ದಿರಿ. ನಾನು ಬಾಯಿ ಬಿಡಲಿಲ್ಲ. ಹನ್ನೊಂದು ವರ್ಷದಿಂದ ಬಿಟ್ಟಿಲ್ಲ. ಅದಕ್ಕೇ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಧೈರ್ಯ ಸಾಲದೆ ಹೋಗಬಹುದು. ನಿಮ್ಮ ಗಂಡ ಓಬಳಪ್ಪ ತೀರಿಕೊಂಡ ದಿನ ಕುಡಿದಿರಲಿಲ್ಲ. ಒಂದು ತೊಟ್ಟು ಕೂಡ ಕುಡಿದಿರಲಿಲ್ಲ. ಅವರು ಸತ್ತದ್ದು ಈ ಕಾಗದ ಬರೆಯುತ್ತಿರುವ ಕೈಯಿಂದ.

ಇದನ್ನು ಮಗಳು ಸೌಂದರ್ಯಾಳ ಕೈಯಲ್ಲಿ ಓದಿಸಬೇಡಿ. ಅಕ್ಷರ ದಪ್ಪವಾಗಿ ಬರೆದಿದ್ದೇನೆ. ನೀವು ಏಳನೇ ಕ್ಲಾಸಿನವರೆಗೆ ಓದಿದವರು, ಬೋರ್ಡಿನ ಮೂಲೆಯಲ್ಲಿ ಇರುವೆ ಗಾತ್ರದಲ್ಲಿ ಅಚ್ಚಾಗಿರುವ ನಂಬರನ್ನೇ ಬಿಡದೆ ಓದುವವರು. ಇದಕ್ಕೆ ನಿಮಗೆ ಯಾರ ನೆರವೂ ಬೇಡ. ನಿಧಾನವಾಗಿ ಓದಿ, ಕೊನೆಯವರೆಗೂ ಓದಿ. ನಡುವೆ ಹರಿದು ಹಾಕಬೇಕು ಅನಿಸಿದರೂ ಹರಿಯಬೇಡಿ, ಮುಂದೆ ಇದು ನಿಮಗೆ ಬೇಕಾಗಬಹುದು.

ಈಗೇಕೆ ಬರೆಯುತ್ತಿದ್ದಾನೆ ಅನ್ನುತ್ತೀರಿ. ಗುರುವಾರ ನೀವು ಮಗಳ ಲಗ್ನಪತ್ರಿಕೆಯ ಕರಡನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿರಿ, ಕೈ ಒರೆಸಿಕೊಂಡು ನನಗೆ ಕೊಟ್ಟಿರಿ. ವಧುವಿನ ತಾಯಿ ಲಕ್ಕಮ್ಮ ಎಂದಿತ್ತು. ತಂದೆಯ ಹೆಸರಿರಬೇಕಾದ ಕಡೆ ಏನೂ ಇರಲಿಲ್ಲ. ಪ್ರೆಸ್ಸಿನವರು ಬಿಟ್ಟಿದ್ದಾರೆ ಎಂದು ನಾನು ಪೆನ್ನು ತೆಗೆದೆ. "ಅವ್ರು ಬಿಟ್ಟಿಲ್ಲ ಅಣ್ಣಾ, ನಾನೇ ಬೇಡ ಅಂದೆ. ಕುಡ್ದು ಸತ್ತೋನ ಹೆಸ್ರು ಒಳ್ಳೆ ಕಾರ್ಯದಲ್ಲಿ ಯಾಕೆ?" ಅಂದಿರಿ. ಆಮೇಲೆ, "ಅವರಪ್ಪನ ಜಾಗದಲ್ಲಿ ನೀವೇ ನಿಂತು ಧಾರೆ ಎರೆದು ಕೊಟ್ಬಿಡಿ. ನೀವೂ ಅಕ್ಕಾವ್ರೂ. ನಿಮ್ಮನ್ನ ಬಿಟ್ರೆ ನಮ್ಗೆ ಯಾರಿದಾರೆ" ಅಂದಿರಿ.

ನಾನು "ಆಗ್ಲಿ ಲಕ್ಕಮ್ಮ" ಅಂದೆ. ಅಂದೇಬಿಟ್ಟೆ. ನೀವು ಕಣ್ಣೊರೆಸಿಕೊಂಡು ಒಳಗೆ ಹೋಗಿ ಬ್ರಷ್ ಹಿಡಿದಿರಿ. ನಾನು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಬಿಸಿಲಿಗೆ ಪಿತ್ತ ಆಗಿರಬೇಕು ಎಂದು ನೀವೇ ನಿಂಬೆಹಣ್ಣಿನ ಪಾನಕ ಮಾಡಿ ತಂದುಕೊಟ್ಟಿರಿ, ಅದನ್ನೂ ಕುಡಿದೆ.

ಇನ್ನು ಹೇಗಾಯಿತು ಎಂಬುದನ್ನು ಹೇಳುತ್ತೇನೆ. ಅರ್ಧ ನಿಮಗೆ ಗೊತ್ತಿರುವುದೇ. ಆದರೂ ಬಿಡಿಸಿ ಬರೆಯುತ್ತೇನೆ, ತಪ್ಪು ಎಲ್ಲಿ ಬಿತ್ತು ಎಂಬುದು ನಿಮ್ಮ ಕಣ್ಣಿಗೇ ಕಾಣಬೇಕು.

ಕಾರ್ಖಾನೆಯ ನೌಕರಿ ಬಿಟ್ಟು ತೊಂಬತ್ತೊಂದರಲ್ಲಿ ನಮ್ಮ ಮನೆಯ ಹಿತ್ತಿಲ ಹಳೇ ಬಚ್ಚಲಲ್ಲಿ ನಾನು ಸರ್ಕ್ಯೂಟ್ ಬೋರ್ಡು ಮಾಡುವ ಈ ಕೆಲಸ ಶುರು ಮಾಡಿದೆ. ದೊಡ್ಡ ಕಂಪನಿಗಳು ಐನೂರು ಬೋರ್ಡಿಗಿಂತ ಕಡಿಮೆಯಾದರೆ ಮುಖ ಎತ್ತಿ ಮಾತಾಡುತ್ತಿರಲಿಲ್ಲ. ನಾನು ಇಪ್ಪತ್ತಾದರೂ ಮಾಡಿಕೊಡುತ್ತಿದ್ದೆ, ಕಾಲೇಜು ಹುಡುಗರು ಬಂದರೆ ಎರಡಾದರೂ ಸೈ. ಸ್ಟೆಬಿಲೈಜರ್ ಮಾಡುವವರು, ಎಮರ್ಜೆನ್ಸಿ ದೀಪ ಮಾಡುವವರು, ಮನೆಯ ಗ್ಯಾರೇಜಿನಲ್ಲಿ ಅದೂ ಇದೂ ಜೋಡಿಸುವವರು, ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು. ಅಗ್ಗಕ್ಕೆ ಮಾಡುತ್ತಿದ್ದೆ, ಯಾಕೆಂದರೆ ಏನನ್ನೂ ದಂಡ ಮಾಡುತ್ತಿರಲಿಲ್ಲ. ತಾಮ್ರದ ಹಲಗೆಯ ಚೂರುಗಳನ್ನೂ ಎತ್ತಿಡುತ್ತಿದ್ದೆ. ತಾಮ್ರ ಕರಗಿಸುವ ಆ ಕಂದು ನೀರನ್ನು, ನಾವು ಕಷಾಯ ಅನ್ನುತ್ತಿದ್ದೆವಲ್ಲ, ಅದು ಕಪ್ಪಗಾಗಿ ಕೈಚೆಲ್ಲುವವರೆಗೂ ಬಿಡುತ್ತಿರಲಿಲ್ಲ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರು ನನಗೆ ಜುಗ್ಗ ಎಂದು ಹೆಸರಿಟ್ಟಿದ್ದರು. ನನಗೆ ಅದರಲ್ಲಿ ಒಂಥರಾ ಜಂಭ ಇತ್ತು.

ತಾಮ್ರ ಹೊದಿಸಿದ ಹಲಗೆ, ಅದರ ಮೇಲೆ ಸ್ಕ್ರೀನಿನ ಜಾಲರಿಯಿಂದ ಒತ್ತಿದ ಮಸಿಯ ಗೆರೆಗಳು. ಕಷಾಯದಲ್ಲಿ ಅದ್ದಿ ಟಬ್ಬನ್ನು ಆಡಿಸುತ್ತಾ ಕೂತರೆ ಮಸಿ ಇಲ್ಲದ ಕಡೆಯ ತಾಮ್ರವೆಲ್ಲ ಕರಗಿ, ಮಸಿಯ ಕೆಳಗಿನದು ಗೆರೆಯಾಗಿ ಉಳಿಯುತ್ತದೆ. ಕರೆಂಟು ಹರಿಯುವುದು ಆ ಗೆರೆಗಳಲ್ಲಿ. ಅದ್ದುವ ಮುಂಚೆ ಮಸಿ ಹಿಡಿಯದ ಕಡೆ ಸಣ್ಣ ಸಂದು ಬಿದ್ದಿದ್ದರೆ ಬ್ರಷ್ಷಿನಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ಗೆರೆ ತುಂಡಾಗಿ ಬೋರ್ಡು ದಂಡ. ಈ ಟಚಪ್ ಕೆಲಸವನ್ನೇ ನೀವು ಹತ್ತು ವರ್ಷಕ್ಕೂ ಮೇಲೆ ಮಾಡಿದ್ದೀರಿ. ನಿಮಗಿಂತ ಮುಂಚೆ ಅದನ್ನು ಮಾಡುತ್ತಿದ್ದವರು ಹನುಮಕ್ಕ.

ತೊಂಬತ್ತೇಳರಲ್ಲಿ ಮಲ್ಲೇಶ್ವರದಿಂದ ವಸಿಷ್ಠ ಎನ್ನುವವರು ಬಂದರು. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದರು. ನೆಲದಡಿಯ ಸಂಪಿನಲ್ಲಿ ನೀರಿದ್ದರೆ ಮೋಟಾರು ಓಡಿಸಿ, ಮೇಲಿನ ಟ್ಯಾಂಕು ತುಂಬಿದರೆ ತಾನೇ ನಿಲ್ಲಿಸುವ ಪೆಟ್ಟಿಗೆಯನ್ನು ಅವರು ಮಾಡಿ ಮಾರುತ್ತಿದ್ದರು. ನೀರಿದೆಯೋ ಇಲ್ಲವೋ ತಿಳಿಯಲು ಸಂಪಿನೊಳಗೆ ಎರಡು ಸ್ಟೀಲ್ ಕಡ್ಡಿ ಇಳಿಬಿಟ್ಟಿರುತ್ತದೆ. ಅವರ ಮೊದಲ ನಕ್ಷೆಯಲ್ಲಿ ಮನೆ ಕರೆಂಟಿನ ಕಡೆಯಿಂದ ಆ ಕಡ್ಡಿಗಳ ಕಡೆಗೆ ಒಂದು ಗೆರೆ ಸೇರಿಕೊಂಡಿತ್ತು. ಆ ನಕ್ಷೆಯನ್ನು ಸ್ಕ್ರೀನಿಗೆ ಇಳಿಸಲು ಫಿಲ್ಮು ಮಾಡಿಸಿ ತಂದ ಮೇಲೆ ಅವರಿಗೇ ತಪ್ಪು ಹೊಳೆದು ಓಡಿಬಂದರು. "ಸಾರ್, ಈ ಗೆರೆ ಕಟ್ ಆಗ್ಲೇಬೇಕು. ಇಲ್ಲಾಂದ್ರೆ ಮನೆ ಕರೆಂಟು ಸಂಪಿನೊಳಕ್ಕೆ ಹೋಗ್ಬಿಡತ್ತೆ. ಇನ್ನೊಂದು ಫಿಲ್ಮು ಮಾಡಿಸ್ಬಿಡೋಣ" ಅಂದರು.

ಇದ್ದ ಫಿಲ್ಮು ಇದ್ದಂತೆ ಇನ್ನೊಂದು ಯಾಕೆ, ನಾನು ಜುಗ್ಗ. ಬ್ಲೇಡು, ಸ್ಟೀಲ್ ಸ್ಕೇಲು ತೆಗೆದುಕೊಂಡು ಫಿಲ್ಮಿನ ಮೇಲೆ ಆ ಗೆರೆಯನ್ನು ಗುಂಡುಸೂಜಿಯ ದಪ್ಪಕ್ಕೆ ಕೆರೆದು ತೆಗೆದೆ. ಎರಡು ನಿಮಿಷದ ಕೆಲಸ. "ನೋಡಿ, ಆಯ್ತಲ್ಲ" ಅಂದೆ. ವಸಿಷ್ಠ ಖುಷಿಪಟ್ಟರು. ಫಿಲ್ಮಿನ ಲಕೋಟೆಯ ಮೇಲೆ ಇಲ್ಲಿ ಕೆರೆದಿದೆ, ಮುಚ್ಚಬಾರದು ಎಂದು ಒಂದು ಸಾಲು ಬರೆದಿಡಬೇಕಿತ್ತು. ಬರೆಯಲಿಲ್ಲ. ಪೆನ್ನು ಕೈಗೆ ಸಿಗಲಿಲ್ಲ, ಆಮೇಲೆ ಬರೆದರಾಯಿತು ಅಂದುಕೊಂಡೆ. ಆ ಸಲದ ಇಪ್ಪತ್ತು ಬೋರ್ಡಿಗೆ ಹನುಮಕ್ಕನಿಗೆ ಬಾಯಲ್ಲೇ ಹೇಳಿದೆ, ಅವರು ಸಂದನ್ನು ಹಾಗೇ ಬಿಟ್ಟರು.

ಆಗಸ್ಟಿನಲ್ಲಿ ವಸಿಷ್ಠ ಇನ್ನೂ ಅರವತ್ತು ಬೋರ್ಡು ಬೇಕೆಂದರು. ಹನುಮಕ್ಕ ಮಗಳ ಬಾಣಂತನಕ್ಕೆ ಕನಕಪುರಕ್ಕೆ ಹೋಗಿದ್ದರು. ಟಚಪ್ಪಿಗೆ ನಾನೇ ಕೂತೆ. ಮೊದಲ ಬೋರ್ಡಿನಲ್ಲಿ ಒಂದು ಸಂದು ಕಂಡಿತು, ಮುಚ್ಚಿದೆ. ಎರಡನೆಯದರಲ್ಲೂ ಅದೇ ಜಾಗ. ಹತ್ತನೆಯದರಲ್ಲೂ ಅದೇ. ಫಿಲ್ಮು ಎಲ್ಲೋ ಗೀರಿಹೋಗಿದೆ ಎಂದು ಬೈದುಕೊಂಡೆ. ಲಕ್ಕಮ್ಮ, ನೀವಾಗಿದ್ದರೆ ಎರಡನೆಯ ಬೋರ್ಡಿಗೇ ಎದ್ದು ಬಂದು ಕೇಳುತ್ತಿದ್ದಿರಿ. ನಾನು ಯಾರನ್ನು ಕೇಳಲಿ, ಯಜಮಾನ ನಾನೇ. ಅರವತ್ತಕ್ಕೆ ಅರವತ್ತನ್ನೂ ಮುಚ್ಚಿದೆ, ಬಹಳ ಅಚ್ಚುಕಟ್ಟಾಗಿ ಮುಚ್ಚಿದೆ. ಮುಂದಿನ ಸಲ ತೊಂದರೆ ಬೇಡವೆಂದು ಫಿಲ್ಮಿನ ಮೇಲಿದ್ದ ಗೀರಿಗೂ ಮಸಿ ಹಚ್ಚಿ ಸರಿಮಾಡಿಟ್ಟೆ. ನಾಲ್ಕು ತಿಂಗಳ ಹಿಂದೆ ಅದನ್ನು ಕೆರೆದವನು ನಾನೇ ಎಂಬುದು ನೆನಪಿಗೇ ಬರಲಿಲ್ಲ.

ಪೆಟ್ಟಿಗೆಗಳು ಚೆನ್ನಾಗಿ ಕೆಲಸ ಮಾಡಿದವು. ಕೆಟ್ಟಿದ್ದರೆ ಎಷ್ಟೋ ವಾಸಿಯಿತ್ತು, ವಾಪಸು ಬರುತ್ತಿದ್ದವು. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದರಲ್ಲಿ ಮಾತ್ರ ಕರೆಂಟಿರುತ್ತದೆ. ಅವೆರಡನ್ನೂ ಸರಿಯಾಗಿ ಸೇರಿಸಿರುವ ಮನೆಯಲ್ಲಿ ನಾನು ಮುಚ್ಚಿದ ಗೆರೆಯಿಂದ ಏನೂ ಆಗುವುದಿಲ್ಲ. ಯಾವನೋ ಎಲೆಕ್ಟ್ರಿಷಿಯನ್ ತಂತಿಗಳನ್ನು ಅದಲುಬದಲು ಮಾಡಿದ್ದ ಮನೆಯಲ್ಲಿ ಮಾತ್ರ ಕರೆಂಟು ನೇರವಾಗಿ ಸಂಪಿನ ಕಡ್ಡಿಗೆ ಹೋಗುತ್ತದೆ. ಅಂಥ ಮನೆಯಲ್ಲಿ ಸ್ವಿಚ್ ಆಫ್ ಮಾಡಿದರೂ ಹೋಗುತ್ತದೆ. ಸ್ವಿಚ್ಚು ಕತ್ತರಿಸುವುದು ಒಂದೇ ತಂತಿಯನ್ನು, ಅಲ್ಲಿ ಅದು ಕರೆಂಟಿಲ್ಲದ ತಂತಿಯಾಗಿರುತ್ತದೆ. ಎನ್.ಆರ್. ಕಾಲೋನಿಯ ರಾಮಸ್ವಾಮಿಯವರ ಮನೆ ಅಂಥದ್ದು.

ನಿಮ್ಮ ಯಜಮಾನರನ್ನು ನಾನು ಕಣ್ಣಾರೆ ನೋಡಿದವನಲ್ಲ. ಆ ದಿನದ ಸಂಗತಿ ನನಗೆ ಗೊತ್ತಿರುವುದು ರಾಮಸ್ವಾಮಿಯವರ ಹೆಂಡತಿ ಅಂಬುಜಮ್ಮನವರ ಬಾಯಿಂದ. ನೀರು ತುಂಬುವ ಹಬ್ಬಕ್ಕೆ ಮೂರು ನಾಲ್ಕು ದಿನ ಇತ್ತು. ಆ ಬೀದಿಯಲ್ಲಿ ಎಲ್ಲರ ಸಂಪನ್ನೂ ಪ್ರತಿವರ್ಷ ತೊಳೆದುಕೊಡುತ್ತಿದ್ದವರು ಓಬಳಪ್ಪನೇ. ಶನಿವಾರ ಬೆಳಿಗ್ಗೆ ಬಂದರು. ಕಾಫಿ ಕುಡಿದರು. "ದೀಪಾವಳಿಗೆ ಮಗಳಿಗೆ ಜರತಾರಿ ಲಂಗ ಬೇಕಂತೆ ಅಮ್ಮಾ, ಚಿಕ್ಕಪೇಟೆಗೆ ಹೋಗ್ಬೇಕು" ಅಂದರಂತೆ. ಆಮೇಲೆ ಮೋಟಾರಿನ ಸ್ವಿಚ್ಚನ್ನು ತಾವೇ ಆಫ್ ಮಾಡಿದರು. ಹೆಗಲ ಮೇಲಿದ್ದ ಬಟ್ಟೆಯ ಅಂಚನ್ನು ಹರಿದು ಸ್ವಿಚ್ಚಿಗೆ ಅಡ್ಡಲಾಗಿ ಸುತ್ತಿ ಗಂಟು ಹಾಕಿದರು. "ನಾನು ಒಳಗಿರ್ತೀನಿ, ಯಾರೂ ಇದನ್ನ ಮುಟ್ಬೇಡಿ" ಅಂದರು. ಪ್ರತಿವರ್ಷವೂ ಹಾಗೆ ಕಟ್ಟಿಯೇ ಇಳಿಯುತ್ತಿದ್ದರಂತೆ. ಕುಡಿದವನು ಹಾಗೆ ಮಾಡುತ್ತಾನೆಯೇ, ನೀವೇ ಹೇಳಿ.

ತಳದಲ್ಲಿ ಪಾದ ಮುಳುಗುವಷ್ಟೇ ನೀರಿತ್ತು. ಕಡ್ಡಿಗಳು ನೀರಿನಿಂದ ಮೇಲಿದ್ದವು, ಹಾಗಾಗಿ ಇಳಿದಾಗ ಅವರಿಗೆ ಏನೂ ತಿಳಿಯಲಿಲ್ಲ. ಗೋಡೆ ಉಜ್ಜಿದರು. ಕಡ್ಡಿಗೆ ಹತ್ತಿದ್ದ ಪಾಚಿ ತೆಗೆಯಲು ಕೈ ಹಾಕಿದರು. ಬಕೆಟ್ಟು ಬಿದ್ದ ಸದ್ದು ಅಂಬುಜಮ್ಮನವರಿಗೆ ಅಡುಗೆಮನೆಯಲ್ಲಿ ಕೇಳಿಸಿತು.

ರಾಮಸ್ವಾಮಿಯವರು ನಿವೃತ್ತ ಗುಮಾಸ್ತರು, ಜೀವನದಲ್ಲಿ ಪೊಲೀಸರ ಜೊತೆ ಮಾತಾಡಿದವರಲ್ಲ. ಪೊಲೀಸರು ಬಂದಾಗ ಹೆದರಿ, "ಕುಡಿದಿದ್ದ ಅನ್ಸತ್ತೆ ಸಾರ್, ಕಾಲು ಜಾರಿರ್ಬೇಕು" ಅಂದುಬಿಟ್ಟರು. ಆ ಒಂದು ಮಾತು ಎಲ್ಲರಿಗೂ ಅನುಕೂಲವಾಗಿತ್ತು. ಮನೆಯವರಿಗೆ ತಲೆನೋವಿಲ್ಲ, ಬರೆದುಕೊಳ್ಳುವವರಿಗೆ ಕೆಲಸವಿಲ್ಲ. ಓಬಳಪ್ಪ ಒಂದೊಂದು ಭಾನುವಾರ ಕುಡಿಯುತ್ತಿದ್ದುದು ನಿಮಗೂ ಗೊತ್ತಿತ್ತು, ನೀವೂ ನಂಬಿದಿರಿ. ಹೆಣದ ಎದೆ ಗುದ್ದಿ, "ಕುಡ್ದು ನಮ್ಮ ಬಾಯಿಗೆ ಮಣ್ಣು ಹಾಕ್ಬಿಟ್ಯಲ್ಲೋ" ಎಂದು ಬೈದದ್ದನ್ನು ನೀವೇ ನನಗೆ ಹೇಳಿದ್ದಿರಿ, ಒಂದು ಮಧ್ಯಾಹ್ನ, ಬೋರ್ಡು ಒರೆಸುತ್ತಾ, ಯಾರದೋ ಕಥೆ ಹೇಳಿದ ಹಾಗೆ.

ಮಾರನೆಯ ದಿನ ವಸಿಷ್ಠ ನನ್ನನ್ನು ಆ ಮನೆಗೆ ಕರೆದುಕೊಂಡು ಹೋದರು. ತಮ್ಮ ಪೆಟ್ಟಿಗೆ ಇರುವ ಮನೆಯಲ್ಲಿ ಹೀಗಾಗಿದೆ ಎಂದು ಅವರಿಗೆ ದಿಗಿಲು. ಸ್ವಿಚ್ಚಿನ ಮೇಲೆ ಬಟ್ಟೆಯ ಗಂಟು ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಪೆಟ್ಟಿಗೆ ತೆಗೆದು ಬೋರ್ಡು ನೋಡಿದೆವು. ಸ್ಕ್ರೀನಿನಲ್ಲಿ ಬಂದ ಗೆರೆಯ ಅಂಚು ನೆಟ್ಟಗಿರುತ್ತದೆ, ಬ್ರಷ್ಷಿನಲ್ಲಿ ಮುಚ್ಚಿದ ಕಡೆ ಸ್ವಲ್ಪ ಉಬ್ಬಿರುತ್ತದೆ. ಅದು ನನ್ನ ಕೈ ಎಂದು ಹೇಳಲು ಸಾಕ್ಷಿ ಬೇಕಿರಲಿಲ್ಲ. ವಸಿಷ್ಠ ಮೆಟ್ಟಿಲ ಮೇಲೆ ಕುಸಿದು, "ಸಾರ್, ಇದು ನಾವೇ ಅಲ್ವಾ ಮಾಡಿದ್ದು?" ಅಂದರು. ನಾನು "ಸುಮ್ನಿರಿ" ಅಂದೆ.

ಹೊಸ ಮಾದರಿ ಬಂದಿದೆ, ಪುಕ್ಕಟೆ ಬದಲಾಯಿಸಿಕೊಡುತ್ತೇವೆ ಎಂದು ಸುಳ್ಳು ಹೇಳಿ ಮಿಕ್ಕ ಐವತ್ತೊಂಬತ್ತು ಮನೆಗಳಿಗೂ ಹೋಗಿ ಬೋರ್ಡು ವಾಪಸು ತಂದೆವು. ಇನ್ನೊಬ್ಬರು ಸಾಯಬಾರದು ಎಂಬ ಕಾಳಜಿ ಇತ್ತು, ಇಲ್ಲವೆನ್ನಲಾರೆ. ಆದರೆ ಸಾಕ್ಷಿಯೂ ಹಾಗೇ ನಮ್ಮ ಕೈಗೆ ಬಂತು. ವಸಿಷ್ಠ ಆ ವ್ಯಾಪಾರವನ್ನೇ ಬಿಟ್ಟು ತುಮಕೂರು ಕಡೆ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟರಾದರು. ಆಮೇಲೆ ಅವರು ನನ್ನ ಜೊತೆ ಮಾತಾಡಿಲ್ಲ.

ಮೂರು ತಿಂಗಳಾದ ಮೇಲೆ ನಾನು ಬಿನ್ನಿಪೇಟೆಯಲ್ಲಿ ನಿಮ್ಮ ವಠಾರ ಹುಡುಕಿಕೊಂಡು ಬಂದೆ. ಎನ್.ಆರ್. ಕಾಲೋನಿಯಲ್ಲಿ ಯಾರೋ ನಿಮ್ಮ ವಿಷಯ ಹೇಳಿದರು, ಕೆಲಸಕ್ಕೆ ಜನ ಬೇಕು, ಬರುತ್ತೀರಾ ಎಂದೆ. ದೇವರು ಬಂದ ಹಾಗೆ ಬಂದರು ಎಂದು ಊರಿಗೆಲ್ಲ ಹೇಳಿದ್ದೀರಿ, ನನ್ನ ಹೆಂಡತಿಗೂ ಹೇಳಿದ್ದೀರಿ. ನಿಜ ಹೇಳುತ್ತೇನೆ ಕೇಳಿ. ಕರುಣೆ ಇರಲಿಲ್ಲ ಎಂದಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ ಭಯ ಇತ್ತು. ನಿಮಗೆ ಏನಾದರೂ ಗೊತ್ತಾಗಿದೆಯೋ, ಯಾರಾದರೂ ಏನಾದರೂ ಹೇಳಿದರೋ ಎಂದು ದಿನಾ ರಾತ್ರಿ ಒದ್ದಾಡುವುದಕ್ಕಿಂತ ನೀವು ಕಣ್ಣೆದುರಿಗೇ ಇರುವುದು ವಾಸಿ ಅನಿಸಿತು. ಕೆಲಸ ಕೊಟ್ಟದ್ದು ನಿಮ್ಮನ್ನು ಸಾಕಲು ಅಲ್ಲ, ಕಾಯಲು. ಇದನ್ನು ಬರೆಯುವಾಗ ನನಗೇ ಅಸಹ್ಯವಾಗುತ್ತಿದೆ.

ನೀವೋ, ಬಂದ ಆರು ತಿಂಗಳಲ್ಲಿ ಹನುಮಕ್ಕನನ್ನೂ ಮೀರಿಸಿದಿರಿ. ಬೋರ್ಡನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ನೋಡುವುದನ್ನು ನಿಮಗೆ ಯಾರೂ ಕಲಿಸಲಿಲ್ಲ. ಒಂದೇ ಜಾಗದಲ್ಲಿ ಎರಡು ಸಲ ಸಂದು ಕಂಡರೆ ಬ್ರಷ್ ಕೆಳಗಿಟ್ಟು ಎದ್ದು ಬರುತ್ತಿದ್ದಿರಿ. "ಅಣ್ಣಾ, ಇದು ಬೇಕಂತ ಬಿಟ್ಟಿದಾರಾ, ಇಲ್ಲ ಮಸಿ ಹಿಡಿದಿಲ್ವಾ?" ಎಷ್ಟು ಸಾವಿರ ಸಲ ಕೇಳಿದ್ದೀರೋ. ಒಂದೆರಡು ಸಲ ನಾನು ರೇಗಿದ್ದೂ ಉಂಟು, ಇಷ್ಟಕ್ಕೆಲ್ಲ ಕೇಳ್ತಾರೇನ್ರಿ ಎಂದು. ಯಜಮಾನರಿಗೆ ಇವತ್ತು ಮೂಗಿನ ತುದಿಯಲ್ಲೇ ಕೋಪ ಎಂದು ನೀವು ಬೇರೆಯವರ ಹತ್ತಿರ ನಗುತ್ತಿದ್ದಿರಿ. ನನಗೆ ಕೋಪ ಬರುತ್ತಿದ್ದುದು ನಿಮ್ಮ ಮೇಲಲ್ಲ. ಆ ಮಾತನ್ನು ಆ ಆಗಸ್ಟಿನಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ ನೀವು ಈ ಬಚ್ಚಲಿನ ಮುಖವನ್ನೇ ನೋಡುತ್ತಿರಲಿಲ್ಲ.

ಒಂದು ಮಹಾಲಯ ಅಮಾವಾಸ್ಯೆಗೆ ಎಲ್ಲರೂ ಹಿರಿಯರಿಗೆ ಎಡೆ ಇಡಲು ರಜೆ ಹಾಕಿದರೂ ನೀವು ಕೆಲಸಕ್ಕೆ ಬಂದಿರಿ. ಓಬಳಪ್ಪನಿಗೆ ಎಡೆ ಇಡೋಲ್ಲವೇ ಎಂದು ಕೇಳಿದೆ. "ಬದುಕಿದ್ದಾಗ ಕುಡ್ದ, ಸಾಯೋವಾಗ್ಲೂ ಕುಡ್ದ. ಅವನಿಗೇನು ಎಡೆ" ಅಂದಿರಿ. ಅವರ ಫೋಟೋ ಕೂಡ ಗೋಡೆಗೆ ಹಾಕಲಿಲ್ಲ, ಟ್ರಂಕಿನ ತಳದಲ್ಲಿ ಬೋರಲು ಇಟ್ಟಿದ್ದೀರಂತೆ. ಇದನ್ನು ಸೌಂದರ್ಯಾ ಹೇಳಿದಳು. ಹೈಸ್ಕೂಲಿನಲ್ಲಿದ್ದಾಗ ಒಂದು ಶನಿವಾರ ಅಂಗಡಿಗೆ ಬಂದು ನನ್ನ ಮೇಜಿನ ಮೇಲೆ ಲೆಕ್ಕ ಮಾಡುತ್ತಿದ್ದವಳು ತಲೆ ಎತ್ತಿ, "ಮಾಮಾ, ನಮ್ಮಪ್ಪನ್ನ ನೀವು ನೋಡಿದ್ರಾ? ತುಂಬಾ ಕೆಟ್ಟೋರಾ?" ಅಂದಳು. ನೋಡಿಲ್ಲ ಪುಟ್ಟಾ, ಅಂದೆ. ಜರತಾರಿ ಲಂಗಕ್ಕೆ ಚಿಕ್ಕಪೇಟೆಗೆ ಹೋಗಬೇಕೆಂದಿದ್ದ ಮನುಷ್ಯ ಕಣೇ ನಿಮ್ಮಪ್ಪ ಎಂದು ಹೇಳಲು ನನಗೆ ಗೊತ್ತಿತ್ತು, ಹೇಳಲಿಲ್ಲ. ಮಗು ಮತ್ತೆ ಲೆಕ್ಕ ಮಾಡತೊಡಗಿತು.

ಮನಸ್ಸಿಗೆ ನೆಪಗಳು ಬೇಕಾದಷ್ಟಿದ್ದವು. ತಂತಿ ಅದಲುಬದಲು ಮಾಡಿದ್ದು ಎಲೆಕ್ಟ್ರಿಷಿಯನ್. ಸುಳ್ಳು ಹೇಳಿದ್ದು ರಾಮಸ್ವಾಮಿ. ಪರೀಕ್ಷೆ ಮಾಡದೆ ಮಾರಿದ್ದು ವಸಿಷ್ಠ. ನಾನು ಮುಚ್ಚಿದ್ದು ಒಂದು ಸಣ್ಣ ಸಂದು ಮಾತ್ರ. ಈ ಪಾಠವನ್ನು ಹನ್ನೊಂದು ವರ್ಷ ದಿನಾ ಒಪ್ಪಿಸಿಕೊಂಡಿದ್ದೇನೆ, ಒಂದು ದಿನವೂ ಸಮಾಧಾನವಾಗಲಿಲ್ಲ.

ಶುಕ್ರವಾರ ಅಂಬುಜಮ್ಮನವರ ಮನೆಗೆ ಹೋಗಿದ್ದೆ. ರಾಮಸ್ವಾಮಿಯವರು ಹೋಗಿ ಮೂರು ವರ್ಷವಾಯಿತು. ಆ ಸ್ವಿಚ್ಚಿನ ಮಾತು ತೆಗೆದ ಕೂಡಲೇ ಆಕೆ ಅತ್ತರು. "ನಮ್ಮನೆಯವರು ಹೆದರಿ ಹಾಗಂದ್ಬಿಟ್ರು. ನಾನೂ ಬಾಯಿ ಮುಚ್ಕೊಂಡೆ. ಆ ಹೆಣ್ಣುಮಗಳನ್ನ ಕರ್ಕೊಂಡು ಬನ್ನಿ, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ" ಅಂದರು. ಈ ಕಾಗದದ ಜೊತೆ ಒಂದು ಬೋರ್ಡು ಇಟ್ಟಿದ್ದೇನೆ. ಎಲ್ಲವನ್ನೂ ತುಂಡು ಮಾಡಿದವನು ಆ ಮನೆಯಿಂದ ತಂದದ್ದನ್ನು ಮಾತ್ರ ಮಾಡಲಾರದೆ ಹೋದೆ. ನೀವು ಓರೆ ಹಿಡಿದು ನೋಡಿದರೆ ಸಾಕು, ಎಲ್ಲಿ ಎಂದು ನಾನು ಗುರುತು ಹಾಕಬೇಕಿಲ್ಲ. ಠಾಣೆಗೆ ಹೋಗುವುದಾದರೆ ಈ ಎರಡನ್ನೂ ತೆಗೆದುಕೊಂಡು ಹೋಗಿ. ಕರೆದಾಗ ಬರುತ್ತೇನೆ, ಬರೆದದ್ದು ನಾನಲ್ಲ ಎನ್ನುವುದಿಲ್ಲ.

ಈ ಕಾಗದವನ್ನು ಮೂರು ಸಲ ಬರೆದು, ಮೂರು ಸಲವೂ ಇಲ್ಲಿಗೇ ನಿಲ್ಲಿಸಿ ಸಹಿ ಹಾಕಿದ್ದೆ. ಓದಿದರೆ ಇದು ಒಬ್ಬ ಜುಗ್ಗನ ಕೈತಪ್ಪಿನ ಕಥೆಯಾಗಿ ಕಾಣುತ್ತಿತ್ತು. ನೀವು ದೊಡ್ಡ ಮನಸ್ಸಿನವರು, ಗೊತ್ತಿಲ್ಲದೆ ಆದದ್ದು ಬಿಡಿ ಅಣ್ಣಾ ಎಂದು ಬಿಟ್ಟುಬಿಡುವವರು. ಹಾಗೆ ಬಿಟ್ಟರೆ ನನಗೆ ಅದೂ ಕಳ್ಳತನವೇ. ಆದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ.

ಗೊತ್ತಿಲ್ಲದೆ ಆದದ್ದಲ್ಲ, ಲಕ್ಕಮ್ಮ. ಆ ವರ್ಷ ಆಯುಧಪೂಜೆಗೆ ಎರಡು ದಿನ ಮುಂಚೆ, ವಸಿಷ್ಠರ ಮೂರನೆಯ ಆರ್ಡರಿಗೆಂದು ಫಿಲ್ಮನ್ನು ಹೊರಗೆ ತೆಗೆದೆ. ಬೆಳಕಿಗೆ ಹಿಡಿದಾಗ ನಾನು ಹಚ್ಚಿದ್ದ ಮಸಿಯ ಕೆಳಗೆ ಗೀರು ಕಂಡಿತು. ತಾನಾಗಿ ಬಿದ್ದ ಗೀರು ಅಷ್ಟು ನೆಟ್ಟಗಿರುವುದಿಲ್ಲ. ಸ್ಕೇಲು ಇಟ್ಟು ಎಳೆದದ್ದು. ಎಳೆದವನು ನಾನೇ ಎಂದು ಆಗ ನೆನಪಾಯಿತು. ಅರವತ್ತು ಮನೆಗಳಲ್ಲಿ ಏನು ನೇತಾಡುತ್ತಿದೆ ಎಂಬುದೂ ಆ ಕ್ಷಣವೇ ಗೊತ್ತಾಯಿತು. ಫಿಲ್ಮನ್ನು ಮತ್ತೆ ಕೆರೆದು ಸರಿಮಾಡಿದೆ. ಮಲ್ಲೇಶ್ವರಕ್ಕೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ. ಹೇಳಿದರೆ ವಸಿಷ್ಠ ಇನ್ನು ನನ್ನ ಹತ್ತಿರ ಕೆಲಸ ಮಾಡಿಸುವುದಿಲ್ಲ, ನಾಲ್ಕು ಜನರ ಹತ್ತಿರ ಆಡಿಕೊಳ್ಳುತ್ತಾರೆ. ಹಬ್ಬ ಮುಗಿಯಲಿ, ಹೇಗೂ ಎಲ್ಲ ಮನೆಯಲ್ಲೂ ತಂತಿ ಸರಿಯಾಗೇ ಇರುತ್ತದೆ, ನಿಧಾನವಾಗಿ ಏನೋ ಒಂದು ಹೇಳಿ ಬದಲಾಯಿಸೋಣ. ಹೀಗೆಲ್ಲ ಅಂದುಕೊಂಡು ಡ್ರಿಲ್ಲಿಂಗ್ ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿ ಹೂವು ಮುಡಿಸಿದೆ. ಹಬ್ಬ ಮುಗಿಯಿತು. ಒಂದು ವಾರ ಹೋಯಿತು. ಇನ್ನೂ ಒಂದು ವಾರ ಹೋಯಿತು. ಆ ಶನಿವಾರಕ್ಕೆ ಸರಿಯಾಗಿ ಹದಿನೇಳು ದಿನ. ರಾಮಸ್ವಾಮಿಯವರ ಮನೆಯ ಮೆಟ್ಟಿಲ ಮೇಲೆ ವಸಿಷ್ಠ ಕುಸಿದು ಕೂತಾಗ ನಾನು ಆಗ ತಾನೇ ಗೊತ್ತಾದವನಂತೆ ಬಾಯಿ ಮೇಲೆ ಕೈ ಇಟ್ಟುಕೊಂಡೆ. ಅವರು ಅದನ್ನು ನಂಬಿದರು. ಈ ಹದಿನೇಳು ದಿನದ ವಿಷಯ ವಸಿಷ್ಠರಿಗೆ ಗೊತ್ತಿಲ್ಲ, ನನ್ನ ಹೆಂಡತಿಗೆ ಗೊತ್ತಿಲ್ಲ. ಮೊದಲು ತಿಳಿಯಬೇಕಾದವರು ನೀವು, ಅದಕ್ಕೇ ನಿಮಗೆ ಮೊದಲು ಹೇಳಿದ್ದೇನೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿಕೊಳ್ಳುವುದು ಒಂದೇ. ನಾಳೆ ಕರಡು ಪ್ರೆಸ್ಸಿಗೆ ಹೋಗುವ ಮುಂಚೆ ದಿವಂಗತ ಓಬಳಪ್ಪ ಮತ್ತು ಲಕ್ಕಮ್ಮನವರ ಮಗಳು ಎಂದು ಪೂರ್ತಿ ಬರೆಸಿ. ಸೌಂದರ್ಯಾಳಿಗೆ ನನ್ನ ವಿಷಯ ಯಾವಾಗ ಬೇಕಾದರೂ ಹೇಳಿ, ಅವಳ ಅಪ್ಪನ ವಿಷಯ ಮಾತ್ರ ಇವತ್ತೇ ಹೇಳಿ. ಧಾರೆಗೆ ಊರಿನಿಂದ ನಿಮ್ಮ ತಮ್ಮನನ್ನು ಕರೆಸಿ ನಿಲ್ಲಿಸಿ. ನನ್ನ ಕೈ ಅವಳ ಕೈಯ ಹತ್ತಿರ ಬರಬಾರದು.

ಅಂಗಡಿಯಲ್ಲಿ ನಿಮ್ಮ ಕೆಲಸ ನಿಮ್ಮದೇ. ನನ್ನ ಮುಖ ನೋಡಲಾಗದಿದ್ದರೆ ಅಲ್ಲಿಂದ ಹೋಗಬೇಕಾದವನು ನಾನು, ನೀವಲ್ಲ. ಇದನ್ನು ನಿಮ್ಮ ಕೈಗೆ ಕೊಟ್ಟು ಓಡಿಹೋಗುವುದಿಲ್ಲ. ನೀವು ಈ ಸಾಲು ಓದುವ ಹೊತ್ತಿಗೆ ನಿಮ್ಮ ವಠಾರದ ಗೇಟಿನ ಹೊರಗೆ ನಿಂತಿರುತ್ತೇನೆ. ನೀವು ಬಂದರೂ ಸರಿ, ಬೇರೆ ಯಾರನ್ನು ಕಳಿಸಿದರೂ ಸರಿ. ಹೋಗು ಎಂದು ನೀವು ಹೇಳುವವರೆಗೂ ಅಲ್ಲೇ ಇರುತ್ತೇನೆ.

ಸೌಂದರ್ಯಾ ಚೆನ್ನಾಗಿ ಬಾಳಲಿ. ಹರಸುವ ಯೋಗ್ಯತೆ ನನಗಿಲ್ಲದಿದ್ದರೂ ಹುಡುಗಿ ಚೆನ್ನಾಗಿ ಬಾಳಲಿ.

ಇಷ್ಟು ದಿನ ನೀವು ಅಣ್ಣ ಎಂದು ಕರೆದ,
ಇನ್ನು ಹಾಗೆ ಕರೆಯಬಾರದ,
ಶ್ರೀಹರಿ